ಅಡಕೆ ತೋಟವೂ ಅಮೆರಿಕದ ಕಾಲೇಜೂ

ವಿದ್ಯೆಗಾಗಿ ಮನೆ ಬಿಡುವುದು ತುಮಕೂರು ಸೀಮೆಗೆ ಹೊಸ ಸಂಗತಿಯಲ್ಲ. ಗುಬ್ಬಿ, ಕುಣಿಗಲು, ತಿಪಟೂರುಗಳ ಹಳ್ಳಿಗಳಿಂದ ಟ್ರಂಕು, ಚಾಪೆಗಳನ್ನು ಹೊತ್ತು ತುಮಕೂರಿಗೆ ಬಂದು, ಪರರ ನೆರವಿನಿಂದಲೇ ಓದಿ ಮುಂದೆ ಬಂದವರು ಈ ಜಿಲ್ಲೆಯಲ್ಲಿ ಅಸಂಖ್ಯ. ಸಿದ್ಧಗಂಗೆಯ ಮಠದಲ್ಲಿ ಇಂದಿಗೂ ಸಾವಿರಾರು ಬಾಲಕರು ಅನ್ನ, ಆಶ್ರಯ, ಅಕ್ಷರ ಮೂರನ್ನೂ ಒಂದು ಕಾಸಿಲ್ಲದೆ ಪಡೆಯುತ್ತಿದ್ದಾರೆ. 1925ರಲ್ಲಿ ತಿಪಟೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರು ಲಂಡನ್ನಿನ ಕಿಂಗ್ಸ್ ಕಾಲೇಜಿನವರೆಗೆ ಹೋಗಿ ಡಾಕ್ಟರೇಟ್ ಪಡೆದು ಬಂದುದನ್ನೂ ಈ ಜಿಲ್ಲೆ ಕಂಡಿದೆ. ಅಂದಿನ ಟ್ರಂಕಿಗೆ ಇಂದು ವಿಮಾನದ ಚೀಟಿ ಅಂಟಿದೆ. ಅದರ ಮೇಲಿನ ಊರಿನ ಹೆಸರು ಬಹುಮಟ್ಟಿಗೆ ಅಮೆರಿಕದ್ದು.

2023–24ನೆಯ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602 ಮಂದಿ. ಪರದೇಶಗಳಿಂದ ಅಲ್ಲಿಗೆ ಹೋದವರ ಪೈಕಿ ಆ ವರ್ಷ ಚೀನೀಯರನ್ನೂ ಹಿಂದೆ ಹಾಕಿ ನಮ್ಮವರೇ ಮೊದಲಿಗರಾದರು. ಇದು ಹೆಮ್ಮೆಯ ಮಾತು. ಆದರೆ ಆ ಹೆಮ್ಮೆಯ ಬೆನ್ನಿಗೆ ಎಷ್ಟು ಮನೆಗಳ ಪತ್ರಗಳು ಅಡವಾಗಿವೆ ಎಂಬುದನ್ನು ಯಾವ ಅಂಕಿ ಅಂಶವೂ ಹೇಳುವುದಿಲ್ಲ.

ಜಮೀನಿನ ಪ್ರಶ್ನೆ

ಗುಬ್ಬಿಯ ಕಡೆಯ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಎರಡು ಎಕರೆ ಅಡಕೆ, ನಡುವೆ ಅಷ್ಟಿಷ್ಟು ತೆಂಗು, ಒಂದು ಕೊಳವೆಬಾವಿ. ಮಗಳು ಜಾಣೆ. ಒಂದು ದಿನ ಸಂಜೆ ಅವಳು ಹಿಗ್ಗಿನಿಂದ ಓಡಿಬರುತ್ತಾಳೆ.

"ಅಪ್ಪಾ, ಅಮೆರಿಕದ ಕಾಲೇಜಿನಲ್ಲಿ ಸೀಟು ಸಿಕ್ಕಿತು!"

"ಸಿಕ್ಕಿದ್ದು ಒಳ್ಳೇದೇ ಕಣಮ್ಮ. ವರ್ಷಕ್ಕೆ ಎಷ್ಟು ಕೇಳವ್ರೆ?"

ಆ ಪ್ರಶ್ನೆಗೆ ಉತ್ತರ ಬಂದೊಡನೆ ತಂದೆಯ ಕಣ್ಣು ತೋಟದತ್ತ ಹೊರಳುತ್ತದೆ. ತೊಡಕಿರುವುದು ಅಲ್ಲಿಯೇ. ಏಳೂವರೆ ಲಕ್ಷ ರೂಪಾಯಿಗೆ ಮೀರಿದ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಸ್ಥಿರಾಸ್ತಿಯ ಆಧಾರವನ್ನು ಕೇಳುತ್ತವೆ; ಆದರೆ ಕೃಷಿಭೂಮಿಯನ್ನು ಆಧಾರವೆಂದು ಒಪ್ಪದ ಬ್ಯಾಂಕುಗಳು ಅನೇಕ. ಪೇಟೆಯಲ್ಲಿ ನಿವೇಶನ ಉಳ್ಳವನಿಗೆ ತೆರೆಯುವ ಬಾಗಿಲು ತೋಟದ ಯಜಮಾನನಿಗೆ ತೆರೆಯದು. ಆಗ ಅವನಿಗೆ ಉಳಿಯುವುದು ಎರಡೇ ದಾರಿ: ಹೆಚ್ಚು ಬಡ್ಡಿಯ ಖಾಸಗಿ ಸಾಲ, ಇಲ್ಲವೇ ಭೂಮಿಯ ಮಾರಾಟ. ಒಮ್ಮೆ ಮಾರಿದ ತೋಟವನ್ನು ಮತ್ತೆ ಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ರೈತರಿಗೆ ಬೇರೆ ಹೇಳಬೇಕಾಗಿಲ್ಲ.

ಆದಕಾರಣ ಕಾಲೇಜನ್ನು ಆರಿಸುವ ಕೆಲಸ ತೋಟದ ಬೆಲೆ ಕಟ್ಟುವುದಕ್ಕೆ ಮುಂಚೆಯೇ ಆಗಬೇಕು. ಆರಿಸುವ ಕ್ರಮವನ್ನೂ ತಿಳಿದಿರಬೇಕು.

ಎರಡು ಪತ್ರಗಳು

ಮೊಟ್ಟಮೊದಲು ಮರೆಯಬೇಕಾದುದು ಅಚ್ಚಾದ ದರವನ್ನು. ಅಮೆರಿಕದ ಕಾಲೇಜಿನಲ್ಲಿ ಪ್ರಕಟವಾಗುವ ಶುಲ್ಕ ಬೇರೆ, ವಿದ್ಯಾರ್ಥಿ ನಿಜವಾಗಿ ತೆರುವ ಹಣ ಬೇರೆ. ಲೆಕ್ಕಕ್ಕಾಗಿ ಎರಡು ಕಾಲೇಜುಗಳನ್ನು ಕಲ್ಪಿಸಿಕೊಳ್ಳಬಹುದು. ಒಂದರಲ್ಲಿ ಊಟ, ವಸತಿ, ಬೋಧನೆ ಎಲ್ಲ ಸೇರಿ ವರ್ಷಕ್ಕೆ 30,000 ಡಾಲರು. ಅದು ಕೊಡುವ ವಿದ್ಯಾರ್ಥಿವೇತನ 5,000. ಮತ್ತೊಂದರಲ್ಲಿ ವರ್ಷಕ್ಕೆ 80,000 ಡಾಲರು. ಕುಟುಂಬದ ವರಮಾನವನ್ನು ನೋಡಿ ಅದು ಕೊಡುವ ನೆರವು 74,000. ಮೊದಲನೆಯದನ್ನು 'ಅಗ್ಗದ ಕಾಲೇಜು' ಎಂದೂ ಎರಡನೆಯದನ್ನು 'ಶ್ರೀಮಂತರ ಕಾಲೇಜು' ಎಂದೂ ಜನ ಕರೆಯುತ್ತಾರೆ.

ಡಾಲರಿಗೆ 85 ರೂಪಾಯಿಯೆಂದು ಹಿಡಿದರೆ ಅಗ್ಗದ ಕಾಲೇಜಿಗೆ ವರ್ಷಕ್ಕೆ 21 ಲಕ್ಷ 25 ಸಾವಿರ, ನಾಲ್ಕು ವರ್ಷಕ್ಕೆ 85 ಲಕ್ಷ ರೂಪಾಯಿ. ಶ್ರೀಮಂತರ ಕಾಲೇಜಿಗೆ ವರ್ಷಕ್ಕೆ 5 ಲಕ್ಷ 10 ಸಾವಿರ, ನಾಲ್ಕು ವರ್ಷಕ್ಕೆ 20 ಲಕ್ಷ 40 ಸಾವಿರ. ತೋಟವನ್ನು ನುಂಗುವುದು ಅಗ್ಗದ ಕಾಲೇಜೇ! ದರವನ್ನು ಕಂಡು ಹೆದರಿ ಎರಡನೆಯ ಕಾಲೇಜಿಗೆ ಅರ್ಜಿಯನ್ನೇ ಹಾಕದಿದ್ದವರು ಕೈಗೆ ಬರಬಹುದಾಗಿದ್ದ ಭಾಗ್ಯವನ್ನು ಕಾಲಿನಿಂದ ಒದ್ದಂತೆಯೇ ಸರಿ.

ರೂಪಾಯಿಯ ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. 2014ರಲ್ಲಿ ಡಾಲರಿಗೆ ಅರವತ್ತರ ಆಸುಪಾಸಿನಲ್ಲಿದ್ದ ರೂಪಾಯಿ 2025ರ ಹೊತ್ತಿಗೆ ಎಂಬತ್ತೈದನ್ನು ದಾಟಿತ್ತು. ತೆರಬೇಕಾದ ಡಾಲರು ಎಷ್ಟು ಕಡಿಮೆಯೋ ಈ ಏರಿಳಿತದ ಪೆಟ್ಟೂ ಅಷ್ಟು ಕಡಿಮೆ.

ಹಣ ಎಲ್ಲಿಂದ ಬರುತ್ತದೆ?

ಪರದೇಶದ ಹುಡುಗಿಯೊಬ್ಬಳಿಗೆ ಎಪ್ಪತ್ತು ಸಾವಿರ ಡಾಲರನ್ನು ಯಾರು, ಏಕೆ ಕೊಡುತ್ತಾರೆ ಎಂದು ವಾಚಕರು ಕೇಳಬಹುದು. ತುಮಕೂರಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಭಕ್ತರು ಕೊಟ್ಟ ಧಾನ್ಯದಿಂದ ಮಠದ ದಾಸೋಹ ನಡೆಯುವಂತೆ, ಹಳೆಯ ವಿದ್ಯಾರ್ಥಿಗಳೂ ಧನಿಕರೂ ಬಿಟ್ಟುಹೋದ ದತ್ತಿನಿಧಿಯ ಆದಾಯದಿಂದ ಅಲ್ಲಿನ ದೊಡ್ಡ ಖಾಸಗಿ ಕಾಲೇಜುಗಳ ನೆರವು ನಡೆಯುತ್ತದೆ. ನಿಧಿ ದೊಡ್ಡದಾದಲ್ಲಿ ಕೈಯೂ ದೊಡ್ಡದು. ಸರ್ಕಾರಿ ವಿಶ್ವವಿದ್ಯಾನಿಲಯಗಳು ಮುಖ್ಯವಾಗಿ ತಮ್ಮ ರಾಜ್ಯದವರಿಗಾಗಿ ಇರುವಂಥವು. ಪರದೇಶದ ಪದವಿ ವಿದ್ಯಾರ್ಥಿಗೆ ಅಲ್ಲಿ ನೆರವು ವಿರಳ.

ನೆರವು ಕೊಡುವ ಕಾಲೇಜುಗಳಲ್ಲಿಯೂ ಎರಡು ಪಂಗಡಗಳಿವೆ. ಅರ್ಜಿದಾರನ ಜೇಬನ್ನು ನೋಡದೆಯೇ ಪ್ರವೇಶವನ್ನು ತೀರ್ಮಾನಿಸಿ, ಬಳಿಕ ಕೊರತೆಯಾಗುವ ಹಣವನ್ನೆಲ್ಲ ತುಂಬಿಕೊಡುವ ಕಾಲೇಜುಗಳದು ಮೊದಲನೆಯ ಪಂಗಡ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್ಹರ್ಸ್ಟ್ ಇಂಥವು. 2022ರಲ್ಲಿ ಡಾರ್ಟ್‌ಮತ್, ಬೌಡನ್ ಕಾಲೇಜುಗಳು ಪರದೇಶದವರಿಗೂ ಈ ನಿಯಮವನ್ನು ವಿಸ್ತರಿಸಿದವು. ಆದರೆ ಹಾರ್ವರ್ಡ್, ಎಂ.ಐ.ಟಿ.ಗಳಲ್ಲಿ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಐವರಿಗೂ ಸ್ಥಳ ದೊರೆಯದು. ಇವನ್ನೇ ನೆಚ್ಚಿ ಕೂರುವುದು ಒಂದೇ ಮಳೆಯನ್ನು ನೆಚ್ಚಿ ಬಿತ್ತಿದಂತೆ.

ಎರಡನೆಯ ಪಂಗಡದವು ಜೇಬನ್ನು ನೋಡುತ್ತವೆ. ಹೆಚ್ಚು ನೆರವು ಬೇಕೆಂದವರಿಗೆ ಅಲ್ಲಿ ಪ್ರವೇಶ ಕಷ್ಟವಾಗುತ್ತದೆ. ಹಾಗೆಂದು ನೆರವಿನ ಕಾಗದವನ್ನು ಸಲ್ಲಿಸದೆ ಸೀಟನ್ನು ಗಿಟ್ಟಿಸಿ, ಆಮೇಲೆ ಕೇಳಿದರಾಯಿತು ಎಂದುಕೊಳ್ಳುವುದು ಅಪಾಯಕರ. ಪರದೇಶದ ವಿದ್ಯಾರ್ಥಿಗೆ ಅನಂತರ ನೆರವಿಲ್ಲವೆಂದು ಅನೇಕ ಕಾಲೇಜುಗಳು ಮೊದಲೇ ಸಾರಿರುತ್ತವೆ.

ಇವೆರಡಕ್ಕೂ ಹೊರತಾದ ಒಂದು ವಿಶಿಷ್ಟ ಸಂಸ್ಥೆ ಕೆಂಟಕಿಯ ಬೆರಿಯಾ ಕಾಲೇಜು. 1855ರಲ್ಲಿ ಹುಟ್ಟಿದ ಅದು ತನ್ನ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕವನ್ನೇ ವಸೂಲು ಮಾಡುವುದಿಲ್ಲ. ಬದಲಿಗೆ ಪ್ರತಿಯೊಬ್ಬರೂ ಕಾಲೇಜಿನ ಕೆಲಸದಲ್ಲಿ ಕೈಜೋಡಿಸಬೇಕು. ಪರದೇಶದವರಿಗೆ ಅಲ್ಲಿರುವ ಸ್ಥಳಗಳು ಮಾತ್ರ ಕೆಲವೇ.

ಮೂರು ಮೆಟ್ಟಿಲು, ಮೂರು ಬಗೆ

ಯಾವ ಮೆಟ್ಟಿಲಿನಲ್ಲಿ ಹೋಗುವುದೆಂಬುದೂ ಖರ್ಚನ್ನು ನಿರ್ಧರಿಸುತ್ತದೆ. ಮೇಲೆ ಹೇಳಿದ 3,31,602 ಮಂದಿಯಲ್ಲಿ ಪದವಿಗೆ ಓದುತ್ತಿದ್ದವರು 36,053 ಮಾತ್ರ. ಸ್ನಾತಕೋತ್ತರ ಹಾಗೂ ಡಾಕ್ಟರೇಟ್ ವ್ಯಾಸಂಗದಲ್ಲಿದ್ದವರು 1,96,567. ಅವರಲ್ಲಿ ಬಹುಪಾಲು ಎಂ.ಎಸ್. ವಿದ್ಯಾರ್ಥಿಗಳು. ವಿಚಿತ್ರವೆಂದರೆ ಕಾಲೇಜಿನ ನೆರವು ಅತ್ಯಂತ ತೆಳ್ಳಗಿರುವುದು ಈ ಎಂ.ಎಸ್. ಮೆಟ್ಟಿಲಿನಲ್ಲಿಯೇ. ತುಮಕೂರು, ಗುಬ್ಬಿಗಳ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬೀಳುವ ತರುಣರು ಈ ಮಾತನ್ನು ಚೆನ್ನಾಗಿ ಗಮನಿಸಬೇಕು.

ಡಾಕ್ಟರೇಟಿನ ಮಾತೇ ಬೇರೆ. ವಿಜ್ಞಾನ, ತಂತ್ರಜ್ಞಾನಗಳಲ್ಲಿ ಸಂಶೋಧನೆಗೆ ಆಯ್ಕೆಯಾದವನಿಗೆ ವಿಶ್ವವಿದ್ಯಾನಿಲಯವೇ ಶುಲ್ಕವನ್ನು ಮನ್ನಾ ಮಾಡಿ, ಬೋಧನೆಗೋ ಪ್ರಯೋಗಾಲಯದ ಕೆಲಸಕ್ಕೋ ತಿಂಗಳ ವೇತನವನ್ನು ಕೊಡುವುದು ವಾಡಿಕೆ. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಸಿ. ಎನ್. ಆರ್. ರಾಯರ ಮುಂದೆ ಎಂ.ಐ.ಟಿ., ಕೊಲಂಬಿಯಾ, ಪೆನ್ಸಿಲ್ವೇನಿಯಾ ಸ್ಟೇಟ್, ಪರ್ಡ್ಯೂ ಎಂಬ ನಾಲ್ಕು ವಿಶ್ವವಿದ್ಯಾನಿಲಯಗಳು ಧನಸಹಾಯವನ್ನು ಇರಿಸಿದ್ದವು. ಹೆಸರಿನಲ್ಲಿ ಎಂ.ಐ.ಟಿ. ದೊಡ್ಡದಿದ್ದರೂ ಅವರು ಆರಿಸಿಕೊಂಡುದು ಪರ್ಡ್ಯೂವನ್ನು. 1958ರಲ್ಲಿ ಅಲ್ಲಿಂದಲೇ ಡಾಕ್ಟರೇಟ್ ಪಡೆದರು. ಓದುವ ಹಂಬಲದಿಂದ ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದ ಬಡಹುಡುಗ ಎಚ್. ನರಸಿಂಹಯ್ಯನವರು ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟನ್ನು ಮುಗಿಸಿದುದು 1960ರಲ್ಲಿ. ಪರ್ಡ್ಯೂ, ಓಹಾಯೋಗಳು ಹಾರ್ವರ್ಡಿನಷ್ಟು ಮನೆಮಾತಲ್ಲ. ಅದರಿಂದ ಇವರ ವಿದ್ಯೆಗೆ ಯಾವ ಕುಂದೂ ಬರಲಿಲ್ಲ.

ಈ ದಾರಿಯೂ ಸದಾ ಸಮನಾಗಿರದು. 2025ರಲ್ಲಿ ಅಮೆರಿಕದ ಸರ್ಕಾರ ಸಂಶೋಧನಾ ಅನುದಾನಗಳನ್ನು ಕಡಿತಗೊಳಿಸಿದಾಗ ಹಲವು ವಿಶ್ವವಿದ್ಯಾನಿಲಯಗಳು ಡಾಕ್ಟರೇಟಿನ ಪ್ರವೇಶವನ್ನು ಕುಗ್ಗಿಸಿದವು.

ಸ್ವದೇಶದ ನೆರವೂ ಉಂಟು. ಪರಿಶಿಷ್ಟ ಜಾತಿಯವರು, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳು ಮೊದಲಾದವರ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಸ್ನಾತಕೋತ್ತರ ಮತ್ತು ಡಾಕ್ಟರೇಟ್ ವ್ಯಾಸಂಗಕ್ಕೆ ದೊರೆಯುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳವರಿಗಾಗಿ ಕರ್ನಾಟಕ ಸರ್ಕಾರ ರೂಪಿಸಿದ 'ಪ್ರಬುದ್ಧ' ಯೋಜನೆಯೂ ಇದೆ. ಆಯಾ ವರ್ಷದ ನಿಯಮಗಳನ್ನು ತುಮಕೂರಿನ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಬೇಕು. 1892ರಲ್ಲಿ ಸ್ಥಾಪಿತವಾದ ಜೆ. ಎನ್. ಟಾಟಾ ದತ್ತಿಯು ಸ್ನಾತಕೋತ್ತರ ವ್ಯಾಸಂಗಕ್ಕೆ ಸಾಲರೂಪದ ವಿದ್ಯಾರ್ಥಿವೇತನವನ್ನು ಕೊಡುತ್ತ ಬಂದಿದೆ.

ಪತ್ರವನ್ನು ಓದುವ ಬಗೆ

ಕಾಲೇಜಿನಿಂದ ಬರುವ ನೆರವಿನ ಪತ್ರದಲ್ಲಿ ಮೊತ್ತ ದೊಡ್ಡದಾಗಿ ಕಾಣುತ್ತದೆ. ಅದರಲ್ಲಿ ದಾನವೆಷ್ಟು, ಸಾಲವೆಷ್ಟು, ದುಡಿದು ಗಳಿಸಬೇಕಾದುದೆಷ್ಟು ಎಂದು ಬಿಡಿಸಿ ಬರೆದುಕೊಳ್ಳಬೇಕು. ಪಾಠ ನಡೆಯುವ ದಿನಗಳಲ್ಲಿ ಪರದೇಶದ ವಿದ್ಯಾರ್ಥಿ ಕಾಲೇಜಿನ ಆವರಣದೊಳಗೆ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ದುಡಿಯಬಹುದು. ಆ ಸಂಪಾದನೆ ಕೈಖರ್ಚಿಗೆ ಸಾಕಾದೀತೇ ಹೊರತು ಶುಲ್ಕವನ್ನು ತೀರಿಸದು. ನೆರವು ನಾಲ್ಕು ವರ್ಷಕ್ಕೂ ಉಂಟೋ, ಒಂದೇ ವರ್ಷಕ್ಕೋ? ಅಂಕಗಳು ಇಳಿದರೆ ನಿಲ್ಲುವುದೋ? ಆರೋಗ್ಯ ವಿಮೆ, ವಿಮಾನದ ವೆಚ್ಚ, ಚಳಿಯ ಬಟ್ಟೆ ಇವು ಲೆಕ್ಕದಲ್ಲಿ ಸೇರಿವೆಯೋ? ಇವಕ್ಕೆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು.

ವೀಸಾಕ್ಕೆ ಬೇಕಾದ ಐ-20 ಎಂಬ ಪತ್ರಕ್ಕಾಗಿ ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ತೋರಿಸಬೇಕಾಗುತ್ತದೆ. ಕೈಗಡ ತಂದು ಬ್ಯಾಂಕಿನಲ್ಲಿಟ್ಟು ತೋರಿಸುವವರೂ ಉಂಟು. ತೋರಿಸುವ ಹಣ ಒಂದು ವರ್ಷದ್ದು, ಓದು ನಾಲ್ಕು ವರ್ಷದ್ದು ಎಂಬುದನ್ನು ಅವರು ಮರೆಯುತ್ತಾರೆ. ನಡುವೆ ಹಣ ಮುಗಿದರೆ ಓದೂ ನಿಲ್ಲುತ್ತದೆ, ವೀಸಾದ ಆಧಾರವೂ ತಪ್ಪುತ್ತದೆ, ಸಾಲ ಮಾತ್ರ ಬೆಳೆಯುತ್ತಲೇ ಇರುತ್ತದೆ.

ರೈತರ ಮಕ್ಕಳಿಗೆ ಮತ್ತೊಂದು ತೊಂದರೆ. ನೆರವಿನ ಅರ್ಜಿಯೊಡನೆ ತಂದೆಯ ಆದಾಯ ತೆರಿಗೆಯ ಪತ್ರಗಳನ್ನು ಕಾಲೇಜುಗಳು ಕೇಳುತ್ತವೆ. ಭಾರತದಲ್ಲಿ ಕೃಷಿ ಆದಾಯಕ್ಕೆ ತೆರಿಗೆಯಿಲ್ಲ. ಎಷ್ಟೋ ರೈತರು ಅಂಥ ಪತ್ರವನ್ನು ಕಂಡೇ ಇಲ್ಲ. ಇದನ್ನು ಮರೆಮಾಚದೆ ಸ್ಪಷ್ಟವಾಗಿ ಬರೆದು, ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ, ಪಹಣಿ, ಮಂಡಿಯ ಮಾರಾಟದ ರಶೀದಿಗಳನ್ನು ಇಂಗ್ಲಿಷ್ ಅನುವಾದದೊಡನೆ ಲಗತ್ತಿಸಬೇಕು. ಬೆಲೆ ಬಂದ ವರ್ಷದ ಲೆಕ್ಕದೊಡನೆ ಬೆಲೆ ಬಿದ್ದ ವರ್ಷದ ಲೆಕ್ಕವೂ ಇರಲಿ.

ಸಲಹೆಯೂ ಸಮಯವೂ

ತುಮಕೂರಿನಿಂದ ಕುಣಿಗಲಿನವರೆಗೆ, ಅಲ್ಲಿಂದ ಬೆಂಗಳೂರಿನವರೆಗೆ 'ವಿದೇಶ ವ್ಯಾಸಂಗ'ದ ಫಲಕಗಳಿಗೆ ಬರವಿಲ್ಲ. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಆದರೆ ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕಾಗಿ ಕಾಲೇಜಿನಿಂದಲೇ ದಲ್ಲಾಳಿ ಪಡೆಯುವ ಪದ್ಧತಿ ಈ ವ್ಯವಹಾರದಲ್ಲಿ ಉಂಟು. ಪೂರ್ತಿ ನೆರವು ಕೊಡುವ ಕಾಲೇಜುಗಳು ವಿದ್ಯಾರ್ಥಿಗಳನ್ನು ತರಲು ಸಾಮಾನ್ಯವಾಗಿ ದಲ್ಲಾಳಿ ಕೊಡುವುದಿಲ್ಲವಾದ್ದರಿಂದ ಅವುಗಳ ಹೆಸರು ಆ ಪಟ್ಟಿಯಲ್ಲಿ ಬಾರದಿರಬಹುದು. ತಂದೆತಾಯಿಗಳು "ನಿಮಗೆ ಕಾಲೇಜಿನವರು ಏನು ಕೊಡುತ್ತಾರೆ?" ಎಂದು ಸಂಕೋಚವಿಲ್ಲದೆ ಕೇಳಬೇಕು. ಅಮೆರಿಕದ ವಿದೇಶಾಂಗ ಇಲಾಖೆಯ ಬೆಂಬಲದಿಂದ ನಡೆಯುವ ಎಜುಕೇಶನ್ ಯು.ಎಸ್.ಎ. ಎಂಬ ಸಲಹಾ ವ್ಯವಸ್ಥೆಯೂ ಇದ್ದು, ಅದು ಯಾವ ಕಾಲೇಜಿನ ಪರವಾಗಿಯೂ ದಲ್ಲಾಳಿ ಮಾಡುವುದಿಲ್ಲ.

ಕಾಲದ ಲೆಕ್ಕವನ್ನೂ ಮರೆಯುವಂತಿಲ್ಲ. ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಅಮೆರಿಕದ ಕಾಲೇಜುಗಳ ಆಯ್ಕೆಯೇ ಮುಗಿದಿರುತ್ತದೆ. ಅರ್ಜಿಗಳ ಗಡುವು ಬಹುಮಟ್ಟಿಗೆ ನವೆಂಬರಿನಿಂದ ಜನವರಿಯೊಳಗೆ. ಒಂಬತ್ತನೆಯ ತರಗತಿಯಿಂದ ಮುಂದಿನ ಅಂಕಪಟ್ಟಿಗಳು, ಅಧ್ಯಾಪಕರ ಶಿಫಾರಸು ಪತ್ರಗಳು, ಇಂಗ್ಲಿಷ್ ಪರೀಕ್ಷೆ ಇವೆಲ್ಲದರ ಸಿದ್ಧತೆ ಪ್ರಥಮ ಪಿ.ಯು.ಸಿ.ಯಲ್ಲಿಯೇ ಪ್ರಾರಂಭವಾಗಬೇಕು. ಅರ್ಜಿಯ ಶುಲ್ಕ ಕೊಡಲಾಗದವರು ಕೇಳಿಕೊಂಡರೆ ಅನೇಕ ಕಾಲೇಜುಗಳು ಅದನ್ನು ಮನ್ನಾ ಮಾಡುತ್ತವೆ.

ಇಷ್ಟೆಲ್ಲ ಮಾಡಿಯೂ ಸಾಕಷ್ಟು ನೆರವು ಬಾರದೆ ಹೋದರೆ? ಆಗ 'ಬೇಡ' ಎನ್ನುವ ಧೈರ್ಯವೂ ವಿವೇಕವೇ. ಸಿ. ಎನ್. ಆರ್. ರಾಯರು ಮೈಸೂರು, ಕಾಶಿಗಳಲ್ಲಿ ಓದನ್ನು ಮುಗಿಸಿದ ಮೇಲೆಯೇ ಕಡಲನ್ನು ದಾಟಿದರು. ಇಲ್ಲಿ ಪದವಿಯನ್ನು ಮುಗಿಸಿ, ವೇತನ ಕೊಡುವ ಡಾಕ್ಟರೇಟಿಗೆ ಹೋಗುವ ಬಾಗಿಲು ನಾಲ್ಕು ವರ್ಷದ ಬಳಿಕವೂ ತೆರೆದಿರುತ್ತದೆ. ತೋಟ ಕೈಯಲ್ಲಿದ್ದರೆ ಅಷ್ಟು ಕಾಲ ಕಾಯಲು ಸಂಸಾರಕ್ಕೂ ಶಕ್ತಿಯಿರುತ್ತದೆ.