ಬೇಗ ಒಣಗಬೇಕು, ಹೊಳೀಬೇಕು, ರೇಟು ಕಮ್ಮಿ ಇರಬೇಕು!

ಹಬ್ಬ ಹತ್ತಿರ ಬಂತೆಂದರೆ ಪೇಟೆ ಬೀದಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಾಗಿಲಿಗೆ ಅರ್ಧ ಲೀಟರು, ಕಿಟಕಿ ಸರಳಿಗೆ ಕಾಲು ಲೀಟರು, ಹೊಸ್ತಿಲಿಗೆ ಹಳದಿ, ಗೇಟಿಗೆ ಹಸಿರು.

'ಯಾವ ಕಂಪೆನೀದು ಕೊಡ್ಲಿ?'

'ಯಾವ್ದಾದ್ರೂ ಆಗ್ಲಿ ಯಜಮಾನ್ರೇ. ಬೇಗ ಒಣಗ್ಬೇಕು, ಹೊಳೀಬೇಕು, ರೇಟು ಕಮ್ಮಿ ಇರ್ಬೇಕು.'

ವ್ಯಾಪಾರ ಮುಗಿಯಿತು. ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಕೊಟ್ಟವರೂ ನೋಡಲಿಲ್ಲ, ಕೊಂಡವರೂ ನೋಡಲಿಲ್ಲ. ಆದರೆ ಗಿರಾಕಿ ಕೇಳಿದ ಮೂರು ಗುಣಗಳನ್ನೂ ಅಗ್ಗದಲ್ಲಿ ಒದಗಿಸುವ ವಸ್ತು ಒಂದಿದೆ. ಅದರ ಹೆಸರು ಸೀಸ. ಸೀಸದ ಕ್ರೋಮೇಟ್ ಬೆರೆಸಿದರೆ ಹಳದಿ ಕಣ್ಣಿಗೆ ಹೊಡೆಯುವಂತಾಗುತ್ತದೆ, ಬಿಸಿಲಿಗೆ ಬೇಗ ಮಾಸುವುದಿಲ್ಲ. ಸೀಸದ ಇನ್ನೊಂದು ಬಗೆಯನ್ನು ಹಾಕಿದರೆ ಎಣ್ಣೆ ಬಣ್ಣ ಬೇಗ ಒಣಗುತ್ತದೆ.

ಬಳಿದ ದಿನ ಏನೂ ತೊಂದರೆ ಕಾಣುವುದಿಲ್ಲ. ನಾಲ್ಕು ಮಳೆಗಾಲ ಕಳೆದ ಮೇಲೆ ಬಣ್ಣ ಚಕ್ಕೆ ಏಳುತ್ತದೆ, ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಅದೇ ನೆಲದ ಮೇಲೆ ಅಂಬೆಗಾಲಿಡುವ ಕೂಸು ಕೈ ಊರುತ್ತದೆ, ಮರುಕ್ಷಣ ಆ ಬೆರಳು ಬಾಯಿಗೆ. ಹಲ್ಲು ಬರುವ ಮಗುವಾದರೆ ಕಿಟಕಿ ಸರಳನ್ನೇ ಕಚ್ಚುತ್ತದೆ. ವಿಷ ಮೈ ಸೇರುವುದು ಹೀಗೆ, ಯಾರಿಗೂ ಗೊತ್ತಾಗದ ಹಾಗೆ.

(ಒಂದು ಮಾತು ಇಲ್ಲೇ ಹೇಳಿಬಿಡಬೇಕು. 'ಸೀಸದ ಕಡ್ಡಿ' ಎಂದು ನಾವು ಕರೆಯುವ ಪೆನ್ಸಿಲಿನ ಒಳಗೆ ಸೀಸ ಇಲ್ಲ, ಅದು ಗ್ರಾಫೈಟ್. ಪಾಪದ ಪೆನ್ಸಿಲಿಗೆ ಸುಮ್ಮನೆ ಕೆಟ್ಟ ಹೆಸರು!)

ಹುಡುಗ ದಡ್ಡನೋ, ರಕ್ತದಲ್ಲಿ ಸೀಸವೋ?

ಮಗುವಿನ ಮೈ ಸೀಸವನ್ನು ಸುಣ್ಣದ ಅಂಶ ಎಂದು ತಪ್ಪು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಹೊಟ್ಟೆಗೆ ಹೋದಷ್ಟೇ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಎಳೆ ಮಕ್ಕಳ ಮೈ ಹೀರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲವಂತೆ. ರಕ್ತ ಸೇರಿದ್ದು ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಕೊಡುತ್ತದೆ, ಆ ಪೆಟ್ಟು ಮತ್ತೆ ಸರಿಹೋಗುವಂಥದ್ದಲ್ಲ. ಉಳಿದದ್ದು ಮೂಳೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಅದೇ ಮಗು ಹೆಣ್ಣಾಗಿ ಬೆಳೆದು ಬಸುರಿಯಾದಾಗ ಮೂಳೆಯಿಂದ ಹೊರಟು ಹೊಟ್ಟೆಯೊಳಗಿನ ಕೂಸಿನ ರಕ್ತಕ್ಕೂ ಇಳಿಯುತ್ತದೆ.

ಲಕ್ಷಣಗಳೋ, ನೂರು ಕಾಯಿಲೆಗೆ ಹೊಂದುವಂಥವು. ಹೊಟ್ಟೆ ನೋವು, ಮಲಬದ್ಧತೆ, ಬಿಳಿಚಿದ ಮುಖ, ಸಿಡುಕು. ಮನೆಯವರು ಜಂತುಹುಳು ಎನ್ನುತ್ತಾರೆ, ಅಜ್ಜಿ ದೃಷ್ಟಿ ತೆಗೆಯುತ್ತಾರೆ. ಬಹಳ ಮಕ್ಕಳಲ್ಲಿ ಅಷ್ಟೂ ಕಾಣುವುದಿಲ್ಲ. ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ, ಹೇಳಿದ್ದು ನೆನಪಿರುವುದಿಲ್ಲ ಅಷ್ಟೇ. 'ದಡ್ಡ ಮುಂಡೇದು' ಎಂದು ಮೇಷ್ಟ್ರಿಂದಲೂ ಅಪ್ಪನಿಂದಲೂ ಒದೆ ತಿನ್ನುವ ಹುಡುಗರಲ್ಲಿ ಎಷ್ಟು ಮಂದಿಯ ರಕ್ತವನ್ನು ಯಾರಾದರೂ ನೋಡಿದ್ದಾರೆ? ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಸೀಸ ನೋಡುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು.

ನೋಡಿದವರು ಒಬ್ಬರಿದ್ದರು, ಅದೂ ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್. ಜಾರ್ಜ್ ಫೌಂಡೇಶನ್ ಜೊತೆ ಸೇರಿ ದೇಶದ ದೊಡ್ಡ ನಗರಗಳಲ್ಲಿ ನಡೆಸಿದ ರಕ್ತ ತಪಾಸಣೆಯ ವರದಿ 1999ರಲ್ಲಿ ಹೊರಬಂತು. ತಪಾಸಣೆಗೆ ಸಿಕ್ಕ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ನೂರು ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೀರಿ ಸೀಸವಿತ್ತು. ಆಗ ದೊಡ್ಡ ಅಪರಾಧಿ ಪೆಟ್ರೋಲ್. ಎಂಜಿನ್ ಕುಟ್ಟದಿರಲಿ ಎಂದು ಅದಕ್ಕೆ ಸೀಸ ಬೆರೆಸುತ್ತಿದ್ದರು, ಸ್ಕೂಟರು, ಆಟೋ, ಕಾರು ಅದನ್ನೇ ಹೊಗೆಯಾಗಿ ಉಗುಳುತ್ತಿದ್ದವು. (ಬಸ್ಸಿನವರು ಬೇಸರಿಸಬೇಕಿಲ್ಲ. ಡೀಸೆಲಿಗೆ ಸೀಸ ಬೆರೆಸುತ್ತಿರಲಿಲ್ಲ.) 2000ದ ಫೆಬ್ರವರಿಯಿಂದ ದೇಶದೆಲ್ಲೆಡೆ ಸೀಸರಹಿತ ಪೆಟ್ರೋಲ್ ಬಂತು.

ಪೆಟ್ರೋಲ್ ಹೋಯಿತು, ಸೀಸ ಹೋಗಲಿಲ್ಲ. ಯುನಿಸೆಫ್ 2020ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೀರಿ ಸೀಸ ಇದೆ. ಅವರಲ್ಲಿ 27 ಕೋಟಿಗೂ ಹೆಚ್ಚು ಮಂದಿ ನಮ್ಮ ದೇಶದವರು.

ಬ್ರಿಸ್ಬೇನಿನ ಜಗುಲಿ ಕಂಬಿ

ಇದು ಹೊಸ ಸಂಶೋಧನೆ ಎಂದುಕೊಂಡರೆ ತಪ್ಪು. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಮಕ್ಕಳಿಗೆ ಸೀಸದ ವಿಷ ಏರುತ್ತಿರುವುದು ವೈದ್ಯರಿಗೆ ಗೊತ್ತಾಗಿತ್ತು, ಎಲ್ಲಿಂದ ಎಂಬುದು ಹೊಳೆದಿರಲಿಲ್ಲ. ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ಡಾಕ್ಟರು 1904ರಲ್ಲಿ ಬೆರಳಿಟ್ಟು ತೋರಿಸಿದರು: ಮನೆ ಜಗುಲಿಯ ಕಂಬಿಗೆ ಬಳಿದ ಬಣ್ಣ. ಬಿಸಿಲಿಗೆ ಪುಡಿಯೇಳುವ ಆ ಕಂಬಿ ಹಿಡಿದು ಆಡುವ ಮಕ್ಕಳು ಕೈ ಬಾಯಿಗೆ ಹಾಕುತ್ತಿದ್ದರು. ಅಲ್ಲಿನ ಸರಕಾರ 1922ರಲ್ಲಿ ಕಾನೂನು ತಂದಿತು. ಅಮೆರಿಕದವರು ಮನೆಬಣ್ಣದಲ್ಲಿ ಸೀಸ ನಿಲ್ಲಿಸಿದ್ದು 1978ರಲ್ಲಿ. ನಮ್ಮಲ್ಲಿ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಬ್ರಿಸ್ಬೇನಿನ ಕಾನೂನು ನಮ್ಮ ಹಾರ್ಡ್‌ವೇರ್ ಅಂಗಡಿ ತಲುಪಲು 95 ವರ್ಷ!

ನಿಯಮ ಹೇಳುವುದಿಷ್ಟು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು. ಅಂದರೆ ಒಣಗಿದ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ. ಹಾಗೆಂದು ಡಬ್ಬಿಯ ಮೇಲೆ ಬರೆದಿರಬೇಕು, ತಯಾರಕರ ಹೆಸರು ವಿಳಾಸವೂ ಇರಬೇಕು. ಆದರೂ ನಿಯಮ ಬಂದ ಮೇಲೆ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಬಣ್ಣದ ಡಬ್ಬಿಗಳನ್ನು ಕೊಂಡು ಪರೀಕ್ಷೆ ಮಾಡಿಸಿದಾಗ ಸಣ್ಣಪುಟ್ಟ ತಯಾರಕರ ಮಾಲಿನಲ್ಲಿ ಮಿತಿ ಮೀರಿದ ಸೀಸ ಸಿಕ್ಕಿದೆ. ಜಿಲ್ಲೆ ತಾಲ್ಲೂಕು ಪೇಟೆಗಳಲ್ಲಿ ಓಡುವುದು ಇಂಥ ಅಗ್ಗದ ಮಾಲೇ ಅಲ್ಲವೇ?

ಅರಿಶಿನದ ಕಥೆ

ಕಿರಾಣಿ ಅಂಗಡಿಯವರು ಈ ಕಥೆಯನ್ನು ಗಮನವಿಟ್ಟು ಓದಬೇಕು. ಇದು ನಡೆದದ್ದು ಬಾಂಗ್ಲಾದೇಶದಲ್ಲಿ.

ಅಲ್ಲಿನ ಹಳ್ಳಿಗಳ ಬಸುರಿಯರ ರಕ್ತದಲ್ಲಿ ಸೀಸ ಕಂಡುಬಂತು. ಹಳ್ಳಿಯಲ್ಲಿ ಕಾರ್ಖಾನೆ ಇಲ್ಲ, ಬಣ್ಣ ಬಳಿದ ಬಂಗಲೆಗಳೂ ಇಲ್ಲ. ಎಲ್ಲಿಂದ ಬಂತು? ಹುಡುಕುತ್ತ ಹೋದವರು ಅಡುಗೆಮನೆಯ ಅರಿಶಿನದ ಡಬ್ಬಿಗೆ ಬಂದು ನಿಂತರು. ಮೂಲ ಕೆದಕಿದರೆ 1980ರ ದಶಕದ ನೆರೆ. ಆ ನೆರೆಯಲ್ಲಿ ನೆನೆದ ಅರಿಶಿನ ಕೊಂಬು ಬಣ್ಣ ಕಳೆದುಕೊಂಡು ಮಂಕಾಯಿತು. ಮಂಕು ಮಾಲು ಯಾರು ಕೊಳ್ಳುತ್ತಾರೆ? ಪಾಲಿಶ್ ಮಾಡುವಾಗ ಚಿಟಿಕೆ ಹಳದಿ ಪುಡಿ ಹಾಕಿ ಹೊಳಪು ಬರಿಸಿದರು. ಆ ಪುಡಿ ಸೀಸದ ಕ್ರೋಮೇಟ್. ಬಣ್ಣದ ಡಬ್ಬಿಗೆ ಹಾಕುವುದೂ ಅದೇ! ನೆರೆ ಇಳಿಯಿತು, ಚಾಳಿ ಇಳಿಯಲಿಲ್ಲ. ಗಿರಾಕಿ ಹೊಳೆಯುವುದನ್ನೇ ಕೇಳಲು ಕಲಿತಿದ್ದ. ಪಾಲಿಶ್ ಮಾಡುವವರಿಗೂ ಇದು ಮಿದುಳು ತಿನ್ನುವ ವಿಷ ಎಂದು ಗೊತ್ತಿರಲಿಲ್ಲ.

2019ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಆ ವರ್ಷ ಅಲ್ಲಿನ ಮಾರುಕಟ್ಟೆಯಲ್ಲಿ ಪರೀಕ್ಷಿಸಿದ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ. ಸರಕಾರ ಎದ್ದು ಕೂತಿತು. ಮಾರುಕಟ್ಟೆಗಳಲ್ಲಿ ಎಚ್ಚರಿಕೆಯ ಭಿತ್ತಿಪತ್ರ ಅಂಟಿಸಿದರು, ಪತ್ರಿಕೆಗಳು ಬರೆದವು. ಢಾಕಾದ ಸಗಟು ಪೇಟೆಗೆ ಅಧಿಕಾರಿಗಳು ಪಿಸ್ತೂಲಿನಂಥ ಪರೀಕ್ಷಾ ಯಂತ್ರ ಹಿಡಿದು ನುಗ್ಗಿದರು, ಅಲ್ಲೇ ಕೋರ್ಟು ನಡೆಸಿ ದಂಡ ಹಾಕಿದರು. 2021ರಲ್ಲಿ ಮತ್ತೆ ಪರೀಕ್ಷಿಸಿದಾಗ ಎಷ್ಟು ಗೊತ್ತೇ? ಸೊನ್ನೆ. ಮೂವತ್ತು ವರ್ಷದ ಚಾಳಿ ಎರಡೇ ವರ್ಷದಲ್ಲಿ ಬಂದ್!

ನಮ್ಮ ದೇಶಕ್ಕೆ ಬಂದರೆ, ಬಿಹಾರದ ಪಾಟ್ನಾದಲ್ಲಿ ಕೊಂಡ ಅರಿಶಿನದಲ್ಲಿ ಭಾರಿ ಪ್ರಮಾಣದ ಸೀಸ ಸಿಕ್ಕಿದ ವಿಷಯ 2024ರಲ್ಲಿ ಹೊರಬಂತು. ನಮ್ಮ ಆಹಾರ ಕಾನೂನಿನಲ್ಲಿ ಅರಿಶಿನಕ್ಕೆ ಸೀಸದ ಕ್ರೋಮೇಟ್ ಲವಲೇಶವೂ ಬೆರೆಸುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿಕೊಡುವ ಸುಲಭದ ಪರೀಕ್ಷೆ ಇದು: ಗಾಜಿನ ಲೋಟದ ನೀರಿಗೆ ಅರಿಶಿನ ಕೊಂಬು ಹಾಕಿ. ಒಳ್ಳೆ ಕೊಂಬು ಬಣ್ಣ ಬಿಡುವುದಿಲ್ಲ. ಬಣ್ಣ ಹಚ್ಚಿದ್ದಾದರೆ ಹಾಕಿದ ಕೂಡಲೇ ನೀರು ಹಳದಿಯಾಗುತ್ತದೆ. ಸಗಟು ವ್ಯಾಪಾರಿ ಮೂಟೆ ಇಳಿಸುವಾಗ ಒಂದು ಲೋಟ ನೀರು ಪಕ್ಕದಲ್ಲಿ ಇಟ್ಟುಕೊಳ್ಳಲು ಎಷ್ಟು ಖರ್ಚು? ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಬೇಕು.

ಗಲ್ಲಾದ ಮುಂದಿನ ಇನ್ನಷ್ಟು ಸಾಮಾನು

ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುವ ಹಳೇ ಕುಂಕುಮದ ಬಗ್ಗೆ ತಕರಾರಿಲ್ಲ. ಆದರೆ ಹಿಂದಿನಿಂದ ಸಿಂಧೂರ ಎನಿಸಿಕೊಂಡ ಕಿತ್ತಳೆಗೆಂಪು ಪುಡಿ ಸೀಸದ ಆಕ್ಸೈಡೇ. ಈಗ ಮಾರುವ ಎಲ್ಲ ಸಿಂಧೂರದಲ್ಲೂ ಸೀಸವಿದೆ ಅಂತಲ್ಲ, ಹೆಸರು ವಿಳಾಸವಿಲ್ಲದ ಸಡಿಲು ಪುಡಿಯನ್ನು ಕೂಸಿನ ಹಣೆಗೆ ಇಡಬಾರದು ಅಷ್ಟೇ. ಹಾಗೆಯೇ ಹರಳೆಣ್ಣೆ ದೀಪದ ಮಸಿಗೆ ತುಪ್ಪ ಕಲಸಿ ಅಜ್ಜಿ ಮಾಡುವ ಕಾಡಿಗೆ ಬೇರೆ, ಕಲ್ಲು ಅರೆದು ಮಾಡುವ ಸುರ್ಮಾ ಬೇರೆ. ಸುರ್ಮಾದ ಕಲ್ಲು ಬಹಳ ಸಲ ಸೀಸದ ಅದಿರೇ ಆಗಿರುತ್ತದೆ.

ಆಟಿಕೆ ಮಾರುವವರಿಗೆ ಗೊತ್ತೇ ಇರಬೇಕು, 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲ ಕೆಲಸಗಾರರಿಗೆ ವಿನಾಯಿತಿ ಇದೆ. ಹಾಲೆ ಮರಕ್ಕೆ ಅರಗಿನ ಬಣ್ಣ ಹತ್ತಿಸುವ ಚನ್ನಪಟ್ಟಣದ ಗೊಂಬೆಯನ್ನು ಗೊತ್ತಿರುವ ಕುಶಲಕರ್ಮಿಯ ಹತ್ತಿರ, 'ಯಾವ ಬಣ್ಣ ಹಾಕ್ತೀರಪ್ಪ?' ಎಂದು ಕೇಳಿ ತಂದರೆ ಸಾಕು. ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಹೆಸರಿಲ್ಲದ ಪ್ಲಾಸ್ಟಿಕ್ ಮಾಲಿಗೆ ಯಾರು ಜವಾಬ್ದಾರಿ?

ಇನ್ನು ಬಸ್ ಸ್ಟ್ಯಾಂಡಿನ ಬೋಂಡ. ಬಿಸಿ ಎಣ್ಣೆ ತಿಂಡಿಯನ್ನು ಪೇಪರಿನಲ್ಲಿ ಸುತ್ತಿಕೊಡುವುದು ನಮ್ಮ ಸಂಪ್ರದಾಯ. ಅಚ್ಚಿನ ಮಸಿಯಲ್ಲಿ ಸೀಸವೂ ಇತರ ವಿಷಗಳೂ ಇರಬಹುದೆಂದು 2018ರ ನಿಯಮದಲ್ಲಿ ಇದನ್ನು ನಿಷೇಧಿಸಿದ್ದಾರೆ. ಈ ಪತ್ರಿಕೆ ಓದಲಿಕ್ಕೆ ಇರುವುದು, ದಯವಿಟ್ಟು ಇದರಲ್ಲಿ ಬೋಂಡ ಕಟ್ಟಿಸಿಕೊಳ್ಳಬೇಡಿ!

ಹಳೇ ಬ್ಯಾಟರಿಯನ್ನು ಗುಜರಿಗೆ ಹಾಕುವವರಿಗೂ ಒಂದು ಮಾತು. ಹಿತ್ತಿಲಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆ ಸುತ್ತಲಿನ ಮಣ್ಣೆಲ್ಲ ವಿಷ. ಹೊಸದು ಕೊಳ್ಳುವ ಅಂಗಡಿಗೇ ಹಳೆಯದನ್ನು ವಾಪಸು ಕೊಡಬಹುದು.

ಈ ಹಬ್ಬಕ್ಕೆ ಬಣ್ಣ ಬಳಿಸುವವರು ಹಳೇ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿಸಬಾರದು, ನೀರು ಹಾಕಿ ಒದ್ದೆ ಮಾಡಿ ಉಜ್ಜಿಸಬೇಕು. ಬಸುರಿಯರನ್ನೂ ಎಳೆ ಮಕ್ಕಳನ್ನೂ ಆ ಎರಡು ದಿನ ನೆಂಟರ ಮನೆಗೆ ಕಳಿಸುವುದು ಒಳ್ಳೆಯದು. ಆಮೇಲೆ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಕ್ಕಳಿಗೆ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಬೇಕು. ರಾಗಿ, ಸೊಪ್ಪು, ನೆಲ್ಲಿಕಾಯಿ ತಟ್ಟೆಯಲ್ಲಿರಲಿ. ಕಬ್ಬಿಣ, ಸುಣ್ಣದ ಅಂಶ ಕಮ್ಮಿ ಇರುವ ಮೈ ಸೀಸವನ್ನು ಹೆಚ್ಚು ಹೀರುತ್ತದೆ.

ಪೇಂಟರ್ ಕೆಲಸದವರು ಉಜ್ಜಿದ ಪುಡಿ ಮೆತ್ತಿದ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಬಟ್ಟೆ ಬದಲಿಸಿ, ಕೈಕಾಲು ತೊಳೆದುಕೊಳ್ಳಲು ಬಣ್ಣ ಬಳಿಸುವ ಮನೆಯವರು ಅವರಿಗೊಂದು ಬಕೆಟ್ ನೀರು, ಸೋಪು ಕೊಟ್ಟು ಕಳಿಸಬೇಕು. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬಾರದು.