ಹಳೆಯ ಆಟಗಳ ಹೊಸ ಆವೃತ್ತಿಗಳು

ವಿಡಿಯೋ ಗೇಮ್ ಎಂದೊಡನೆ ನಮ್ಮ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಅದು ಓದುವ ಹುಡುಗರ ಹೊತ್ತನ್ನು ಕೊಲ್ಲುವ ವ್ಯಸನವೆಂಬ ಅಭಿಪ್ರಾಯ ರೂಢಿಯಲ್ಲಿದೆ. ಅದು ಪೂರ್ತಿ ಸುಳ್ಳೆಂದು ವಾದಿಸಲು ನಾನು ಹೊರಟಿಲ್ಲ. ಆದರೆ ಈ ಆಟಗಳಲ್ಲಿ ಕಥೆಯೇ ಜೀವಾಳವಾಗಿರುವ ಒಂದು ಜಾತಿಯುಂಟು. ಆ ಜಾತಿಯ ಮೂವತ್ತು ನಲವತ್ತು ವರ್ಷ ಹಳೆಯ ಕೃತಿಗಳು ಈಚೆಗೆ ಹೊಸ ಯಂತ್ರಗಳಿಗಾಗಿ ಮತ್ತೆ ಪ್ರಕಟವಾಗುತ್ತಿವೆ. ಹಾಗೆ ಮರಳಿ ಬರುವಾಗ ಅವುಗಳಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ. ಐಚ್ಛಿಕ ಕನ್ನಡದ ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಕೇಳುತ್ತಿದ್ದಾಗ ಈ ಯೋಚನೆ ಬಂದಿತು. ಆದ್ದರಿಂದ ಪಾಠಾಂತರ, ಪ್ರಕ್ಷಿಪ್ತ ಮೊದಲಾದ ಮಾತುಗಳು ನಡುನಡುವೆ ನುಸುಳಿದರೆ ಅಧ್ಯಾಪಕರು ಮನ್ನಿಸಬೇಕು.

ಪಾತ್ರ ವಹಿಸಿ ಆಡುವ ಆಟ, ಅಂದರೆ ರೋಲ್ ಪ್ಲೇಯಿಂಗ್ ಗೇಮ್, ಮೊದಲು ಕಾಗದ, ಪೆನ್ಸಿಲು, ದಾಳಗಳ ಆಟವಾಗಿದ್ದಿತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ನಾನು ಯೋಧ, ನೀನು ಮಾಂತ್ರಿಕ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸುತ್ತ ಕಥೆಯನ್ನು ಮುಂದಕ್ಕೆ ಒಯ್ಯುವುದು ಅದರ ಕ್ರಮ. ಹೋರಾಡಿದಷ್ಟೂ ಪಾತ್ರಕ್ಕೆ ಅನುಭವದ ಅಂಕಗಳು ಸೇರುತ್ತವೆ. ಅಂಕ ಸೇರಿದಂತೆ ಬಲ ಹೆಚ್ಚುತ್ತದೆ. ಈ ಲೆಕ್ಕಾಚಾರವನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿದ ಆರಂಭದ ಕೃತಿಗಳಲ್ಲಿ ಎರಡು ಪ್ರಸಿದ್ಧವಾದುವು. ಒಂದು, ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ರಚಿಸಿದ ‘ವಿಝರ್ಡ್ರಿ’. ಇನ್ನೊಂದು, ರಿಚರ್ಡ್ ಗ್ಯಾರಿಯಟ್ ರಚಿಸಿದ ‘ಅಲ್ಟಿಮಾ’. ಎರಡೂ 1981ರವು. ಆದರೆ ಅವನ್ನು ಆಡಬೇಕಾದರೆ ಮನೆಯಲ್ಲಿ ಕಂಪ್ಯೂಟರ್ ಇರಬೇಕು. ಆ ಕಾಲದಲ್ಲಿ ಅದು ಎಷ್ಟು ಮನೆಗಳಲ್ಲಿ ಇದ್ದೀತು?

ಈ ಬಾಗಿಲನ್ನು ತೆರೆದವನು ಜಪಾನಿನ ಯೂಜಿ ಹೋರಿಯಿ. ಟಿ.ವಿ.ಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಎಂಬ ಅಗ್ಗದ ಯಂತ್ರವನ್ನು ನಿಂಟೆಂಡೊ ಕಂಪೆನಿ 1983ರಲ್ಲಿ ಹೊರತಂದಿದ್ದಿತು. ‘ವಿಝರ್ಡ್ರಿ’, ‘ಅಲ್ಟಿಮಾ’ಗಳ ಸಾರವನ್ನು ಹಿಂಡಿ, ಕಂಪ್ಯೂಟರನ್ನೇ ಕಾಣದ ಮಕ್ಕಳಿಗೂ ತಿಳಿಯುವಂತೆ ಹೋರಿಯಿ ಆ ಯಂತ್ರಕ್ಕಾಗಿ ರಚಿಸಿದ ‘ಡ್ರ್ಯಾಗನ್ ಕ್ವೆಸ್ಟ್’ 1986ರ ಮೇ 27ರಂದು ಬಿಡುಗಡೆಯಾಯಿತು. ಚಿತ್ರ ಬರೆದವನು ಅಕಿರಾ ತೋರಿಯಾಮಾ, ಸಂಗೀತ ಕೋಯಿಚಿ ಸುಗಿಯಾಮಾನದು. ಇಡೀ ಆಟದ ಗಾತ್ರ 64 ಕಿಲೋಬೈಟ್. ಇಂದು ನಮ್ಮ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಇದರ ಹತ್ತಾರು ಪಾಲು ದೊಡ್ಡದು. ಜಾಗ ಸಾಲದೆ, ಜಪಾನಿನ ಕಟಕಾನ ಲಿಪಿಯ ಅಕ್ಷರಗಳಲ್ಲಿ ಸುಮಾರು 20ನ್ನು ಮಾತ್ರ ಆರಿಸಿಕೊಂಡು ಆ ಲಿಪಿಯ ಹೆಸರುಗಳನ್ನೆಲ್ಲ ಅಷ್ಟರಲ್ಲೇ ಕಟ್ಟಿದರಂತೆ. ನಿರೋಷ್ಠ್ಯ ಕಾವ್ಯ ಬರೆದ ನಮ್ಮ ಕವಿಗಳು ಪಾಂಡಿತ್ಯ ಪ್ರದರ್ಶನಕ್ಕಾಗಿ ಮಾಡಿದ್ದನ್ನು ಇವರು ಬಡತನದಿಂದ ಮಾಡಿದರು.

ಆ ಆಟದ ಮೊದಲ ಕೋಣೆಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ರಾಜನ ಮುಂದೆ ನಾಯಕ ನಿಂತಿದ್ದಾನೆ. ಕೋಣೆಗೆ ಬೀಗ. ಹೊರಗೆ ಹೋಗಬೇಕಾದರೆ ಪೆಟ್ಟಿಗೆಯೊಳಗಿನ ಬೀಗದಕೈ ತೆಗೆದುಕೊಳ್ಳಬೇಕು, ಬಾಗಿಲು ತೆರೆಯಬೇಕು, ಮೆಟ್ಟಿಲಿಳಿಯಬೇಕು. ಮಾತನಾಡು, ತೆಗೆದುಕೋ, ಬಾಗಿಲು, ಮೆಟ್ಟಿಲು ಎಂಬ ಆಜ್ಞೆಗಳನ್ನು ಒಂದೊಂದಾಗಿ ಪಟ್ಟಿಯಿಂದ ಆರಿಸಿ ಪ್ರಯೋಗಿಸುವ ಹೊತ್ತಿಗೆ ಆಟದ ವ್ಯಾಕರಣವೆಲ್ಲ ತಿಳಿದಿರುತ್ತದೆ. ಗುರುವಿಲ್ಲದೆ ಪಾಠವಾಯಿತು. ಸೋತವನಿಗೆ ಆಗುವ ದಂಡವೂ ಹೀಗೆಯೇ ದಯೆಯುಳ್ಳದ್ದು: ಕೈಯಲ್ಲಿದ್ದ ಹಣ ಅರ್ಧ ಹೋಗುತ್ತದೆ, ಗಳಿಸಿದ ಅನುಭವ ಹೋಗುವುದಿಲ್ಲ. ಮುಂದಿನ ಆವೃತ್ತಿಗಳಲ್ಲಿ ಒಂದೇ ಬಟನ್ ಒತ್ತಿದರೆ ಮಾತು, ಬಾಗಿಲು, ಮೆಟ್ಟಿಲು ಎಲ್ಲ ತಾವಾಗಿ ನಡೆಯುವಂತೆ ತಿದ್ದಿದರು. ಆಟಗಾರನಿಗೆ ಸುಖವಾಯಿತು. ಆದರೆ ಆ ಬೀಗ ಹಾಕಿದ ಕೋಣೆ ಅರ್ಥವಿಲ್ಲದ ಕೋಣೆಯಾಯಿತು.

ಮೂಲದಲ್ಲಿ ಆಟವನ್ನು ನಿಲ್ಲಿಸಿ ಮರುದಿನ ಮುಂದುವರಿಸುವ ಬಗೆ ಇನ್ನೂ ವಿಚಿತ್ರವಾದುದು. ರಾಜನು 20 ಅಕ್ಷರಗಳ ಒಂದು ಮಂತ್ರ ಹೇಳುತ್ತಾನೆ. ಅದನ್ನು ಕಾಗದದಲ್ಲಿ ಬರೆದುಕೊಂಡು ಮರುದಿನ ಒಪ್ಪಿಸಬೇಕು. ಎರಡನೆಯ ಆಟದಲ್ಲಿ ಅದು 52 ಅಕ್ಷರಗಳವರೆಗೂ ಬೆಳೆಯಿತು. ಟಿ.ವಿ.ಯ ಮಸುಕಿನಲ್ಲಿ ಒಂದಕ್ಷರ ತಪ್ಪಿ ಬರೆದರೆ ಅಂದಿನ ದುಡಿಮೆ ವ್ಯರ್ಥ. ತಾಳೆಗರಿಯ ಲಿಪಿಕಾರರ ಕಷ್ಟ ಆ ಮಕ್ಕಳಿಗೆ ಗೊತ್ತಿದ್ದೀತು! 1988ರ ಮೂರನೆಯ ಆಟದ ಕಾರ್ಟ್ರಿಡ್ಜಿನಲ್ಲಿ ಬ್ಯಾಟರಿ ಇಟ್ಟ ಮೇಲೆ ಈ ಕಷ್ಟ ತಪ್ಪಿತು. ಇದು ಹೋದದ್ದಕ್ಕೆ ಯಾರೂ ಅಳಬೇಕಾಗಿಲ್ಲ.

ಪಾಠಾಂತರಗಳ ವಿಚಾರಕ್ಕೆ ‘ಫೈನಲ್ ಫ್ಯಾಂಟಸಿ’ಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಹಿರೊನೊಬು ಸಕಾಗುಚಿಯ ನೇತೃತ್ವದಲ್ಲಿ ಸ್ಕ್ವೇರ್ ಕಂಪೆನಿ 1987ರ ಡಿಸೆಂಬರ್ 18ರಂದು ಇದನ್ನು ಹೊರತಂದಿತು. ಮೂಲದಲ್ಲಿ ಒಂದು ತಮಾಷೆಯ ದೋಷವಿತ್ತು. ಮಾಂತ್ರಿಕರಿಗೆ ‘ಬುದ್ಧಿ’ ಎಂಬ ಗುಣಕ್ಕೆ ಅಂಕವುಂಟು; ಆದರೆ ಕಾರ್ಯಕ್ರಮ ಬರೆಯುವಾಗ ಆದ ತಪ್ಪಿನಿಂದ ಆ ಅಂಕ ಎಷ್ಟಿದ್ದರೂ ಮಂತ್ರದ ಬಲ ಹೆಚ್ಚುತ್ತಿರಲಿಲ್ಲ. ನಂತರದ ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಿದರು. ಸ್ಪಷ್ಟವಾದ ಸ್ಖಾಲಿತ್ಯವಾದ್ದರಿಂದ ಸಂಪಾದಕನಿಗೆ ಆ ಅಧಿಕಾರವುಂಟು. ಇನ್ನೊಂದನ್ನು ನೋಡಿ. ಇಬ್ಬರು ಯೋಧರನ್ನು ಒಂದೇ ರಾಕ್ಷಸನ ಮೇಲೆ ಬಿಟ್ಟಾಗ ಮೊದಲನೆಯವನ ಏಟಿಗೇ ಅದು ಸತ್ತರೆ, ಮೂಲದಲ್ಲಿ ಎರಡನೆಯವನು ಬರಿಯ ಗಾಳಿಗೆ ಕತ್ತಿ ಬೀಸುತ್ತಾನೆ. ಹೊಸ ಆವೃತ್ತಿಯಲ್ಲಿ ಪಕ್ಕದ ರಾಕ್ಷಸನತ್ತ ತಾನಾಗಿ ತಿರುಗುತ್ತಾನೆ. ಇದು ದೋಷವೋ, ಶತ್ರುವಿನ ಬಲವನ್ನು ಮೊದಲೇ ಅಳೆದುನೋಡು ಎಂಬ ಕರ್ತೃವಿನ ಆಶಯವೋ? ಎರಡನೆಯದೆಂದೇ ನನ್ನ ಮತ.

2004ರಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಇದೇ ಆಟ ಬಂದಾಗ, ಮಂತ್ರಗಳ ಲೆಕ್ಕದ ಪದ್ಧತಿಯನ್ನೇ ಬದಲಾಯಿಸಿ, ಮೂಲದಲ್ಲಿಲ್ಲದ ಗುಹೆಗಳನ್ನೂ ರಾಕ್ಷಸರನ್ನೂ ಸೇರಿಸಿದರು. ಪ್ರಕ್ಷಿಪ್ತವೆಂದರೆ ಇದೇ. ಮೊದಲ ಆರು ಆಟಗಳನ್ನು ‘ಪಿಕ್ಸೆಲ್ ರೀಮಾಸ್ಟರ್’ ಎಂಬ ಹೆಸರಿನಲ್ಲಿ 2021ರಿಂದ ಕಂಪ್ಯೂಟರು, ಫೋನುಗಳಿಗೂ 2023ರ ಏಪ್ರಿಲಿನಲ್ಲಿ ಸ್ವಿಚ್, ಪ್ಲೇಸ್ಟೇಷನ್ 4 ಯಂತ್ರಗಳಿಗೂ ಹೊರತಂದಾಗ, ಹೀಗೆ ಸೇರಿಸಿದ ಗುಹೆಗಳನ್ನೆಲ್ಲ ಕೈಬಿಟ್ಟು, ಮಂತ್ರಗಳ ಹಳೆಯ ಪದ್ಧತಿಗೇ ಮರಳಿದರು. ಪ್ರಕ್ಷಿಪ್ತವನ್ನೇ ಓದಿ ಬೆಳೆದ ಹುಡುಗರು ನಮ್ಮ ಗುಹೆಗಳೆಲ್ಲಿ ಎಂದು ಗಲಾಟೆ ಮಾಡಿದರು! ಅಕ್ಷರದ ಅಚ್ಚಿಗೂ ಜಗಳವಾಯಿತು. 2021ರ ಆವೃತ್ತಿಯ ಸಪೂರವಾದ ಅಕ್ಷರಗಳು ಹಳೆಯ ಚುಕ್ಕಿಚಿತ್ರಗಳಿಗೆ ಹೊಂದುವುದಿಲ್ಲವೆಂದು ಜನ ದೂರಿದ ಮೇಲೆ 2023ರ ಆವೃತ್ತಿಯಲ್ಲಿ ಚುಕ್ಕಿಗಳ ಅಕ್ಷರವನ್ನೂ ಆರಿಸಿಕೊಳ್ಳಲು ಬಿಟ್ಟರು. ಸಂಗೀತವೂ ಹಾಗೆಯೇ: ವಾದ್ಯವೃಂದದ್ದು ಬೇಕೆ, ಹಳೆಯ ಯಂತ್ರದ ಕೀಚುದನಿ ಬೇಕೆ, ನಮ್ಮ ಇಚ್ಛೆ.

ಭಾಷಾಂತರದ ಕಥೆ ಬೇರೆಯೇ ಒಂದು ಲೇಖನವಾದೀತು. ಸರಣಿಯ ನಾಲ್ಕನೆಯ ಆಟ 1991ರಲ್ಲಿ ಅಮೆರಿಕಕ್ಕೆ ಹೋದಾಗ ಎರಡನೆಯದೆಂದು ಹೆಸರಾಯಿತು, ಆರನೆಯದು 1994ರಲ್ಲಿ ಮೂರನೆಯದಾಯಿತು. ನಡುವಿನವು ಅಲ್ಲಿಗೆ ಹೋಗಿಯೇ ಇರಲಿಲ್ಲ. 1990ರ ನಿಜವಾದ ಮೂರನೆಯ ಆಟ ತನ್ನ ಮೂಲರೂಪಕ್ಕೆ ಸಮೀಪವಾಗಿ ಇಂಗ್ಲಿಷಿಗೆ ಬಂದದ್ದು 2021ರಲ್ಲಿ. ನಾವು ಕನ್ನಡದವರು ಇವನ್ನೆಲ್ಲ ಓದುವುದು ಇಂಗ್ಲಿಷಿನಲ್ಲಿಯೇ. ಜಪಾನಿನ ಕಥೆ, ಇಂಗ್ಲಿಷ್ ಮಾತು, ಅರ್ಥ ಮಾಡಿಕೊಳ್ಳುವ ಮನಸ್ಸು ಕನ್ನಡದ್ದು. ನನ್ನ ಇಂಗ್ಲಿಷ್ ಇದರಿಂದ ಸ್ವಲ್ಪ ಸುಧಾರಿಸಿತೆಂದು ಇಂಗ್ಲಿಷ್ ಅಧ್ಯಾಪಕರ ಮುಂದೆ ಹೇಳಲು ಮಾತ್ರ ಧೈರ್ಯವಿಲ್ಲ.

ಇವುಗಳಲ್ಲಿ ನಾನು ಆಡಿದ್ದು ಕಳೆದ ಬೇಸಗೆಯ ರಜೆಯಲ್ಲಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡಮ್ಮನ ಮಗನ ಮನೆಯಲ್ಲಿ. ಹೊಸ ಆವೃತ್ತಿಯಲ್ಲಿ ಅನುಭವದ ಅಂಕಗಳನ್ನು ನಾಲ್ಕು ಪಟ್ಟು ಮಾಡಿಕೊಳ್ಳಬಹುದು. ದಾರಿಯಲ್ಲಿ ಎದುರಾಗುವ ರಾಕ್ಷಸರನ್ನು ಬಾರದಂತೆಯೇ ತಡೆಯಬಹುದು. ಅಣ್ಣ ಎರಡನ್ನೂ ಬಳಸುತ್ತಾನೆ. ಇದು ಮೋಸವಲ್ಲವೆ ಎಂದು ಕೇಳಿದೆ. “ವಾರವೆಲ್ಲ ದುಡಿದು ಬಂದವನಿಗೆ ಗುಹೆಯೊಳಗೆ ಹತ್ತು ಸಲ ಸಾಯೋಕೆ ಪುರುಸೊತ್ತೆಲ್ಲಿದೆಯೋ? ಕಥೆ ಏನಾಯ್ತು ಅಂತ ತಿಳಿದರೆ ಸಾಕು” ಎಂದನು.

ಅವನು ಹೇಳಿದ ಗುಹೆ ಮೊದಲ ಆಟದ ಜೌಗುಭೂಮಿಯ ಗುಹೆ. ಮೂಲದಲ್ಲಿ ಊರಿನಿಂದ ಅಲ್ಲಿಗೆ ಬಹು ದೂರ ನಡೆಯಬೇಕು. ಒಳಗೆ ವಿಷದ ಜಂತುಗಳು. ಗುಹೆಯೊಳಗೆ ಆಟವನ್ನು ಕಾಪಿಡುವ ಅನುಕೂಲವಿಲ್ಲ. ಔಷಧಿ ಮುಗಿಯುತ್ತ ಬಂದಾಗ ಮುಂದೆ ಹೋಗೋಣವೇ, ಹಿಂದಿರುಗೋಣವೇ ಎಂಬ ಕಳವಳವೇ ಅಲ್ಲಿಯ ಕಥೆ. ಆ ಗುಹೆಯಲ್ಲಿ ಅದರ ಹೊರತು ಬೇರೆ ಕಥೆಯೇ ಇಲ್ಲ. ಹೊಸ ಆವೃತ್ತಿ ಪ್ರತಿ ಅಂತಸ್ತಿನಲ್ಲೂ ಆಟವನ್ನು ತಾನಾಗಿ ಕಾಪಿಡುತ್ತದೆ. ಅಣ್ಣ ಆ ಗುಹೆಯನ್ನು ಕೆಲವೇ ನಿಮಿಷಗಳಲ್ಲಿ ದಾಟಿದನು. ಅಲ್ಲಿ ಏನಿತ್ತೆಂದು ಕೇಳಿದರೆ ಅವನಿಗೆ ನೆನಪಿರಲಿಲ್ಲ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಮೂಲದಲ್ಲಿ ಔಷಧಿಯನ್ನು ಒಂದೊಂದಾಗಿ ಕೊಳ್ಳಬೇಕಾಗಿತ್ತು; 99 ಸೀಸೆ ಬೇಕಾದರೆ ಆ ವ್ಯಾಪಾರವನ್ನು 99 ಸಲ ನಡೆಸಬೇಕು. ಕತ್ತಿಯ ಬಲ ಎಷ್ಟೆಂದು ಅಂಗಡಿಯಲ್ಲಿ ತಿಳಿಯುತ್ತಿರಲಿಲ್ಲ. ಅಮೆರಿಕದ ಆವೃತ್ತಿಯೊಡನೆ ಬರುತ್ತಿದ್ದ ಮುದ್ರಿತ ಕೈಪಿಡಿಯನ್ನು ನೋಡಬೇಕಾಗಿತ್ತು. ಕೈಪಿಡಿ ಇಲ್ಲದವನ ಗತಿ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಐಚ್ಛಿಕ ವಿಷಯ ಆರಿಸುವುದು ಹೇಗೆ, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಹೇಗೆ ಎಂದು ಹೇಳುವ ಕೈಪಿಡಿ ನಮ್ಮ ಮನೆಯಲ್ಲಿರಲಿಲ್ಲ. ಉಳಿದವರಿಗೆ ಮನೆಯಲ್ಲೇ ತಿಳಿದದ್ದನ್ನು ನಾನು ವರಾಂಡದಲ್ಲಿ ಅವರಿವರನ್ನು ಕೇಳಿ ತಿಳಿದೆ. ಆದ್ದರಿಂದ ಹೊಸ ಆವೃತ್ತಿ ಕತ್ತಿಯ ಬಲವನ್ನು ಅಂಗಡಿಯಲ್ಲೇ ತೋರಿಸಿದ್ದನ್ನು ಕೆಡಿಸಿದರೆಂದು ಯಾರಾದರೂ ಹಳಿದರೆ ನಾನು ಒಪ್ಪುವುದಿಲ್ಲ. ತಡವಾಗಿ ಬಂದವನಿಗೆ ದಾರಿ ತೋರಿಸುವುದು ಒಂದು, ಅವನು ನಡೆಯಬೇಕಾದ ದಾರಿಯನ್ನೇ ಕಿತ್ತುಹಾಕುವುದು ಇನ್ನೊಂದು. ಬೀಗ ಹಾಕಿದ ಕೋಣೆಯ ಮೂಲಕ ಹೋರಿಯಿ ಮಾಡಿದ್ದು ಮೊದಲನೆಯದನ್ನು.

ಇನ್ನು, ಹೊಸ ಆವೃತ್ತಿ ಬೇಡವೆನ್ನುವವರು ಮೂಲವನ್ನೇ ಆಡಲಿ ಎನ್ನಬಹುದು. ಅದು ಸಿಕ್ಕಬೇಕಲ್ಲ! ಅಮೆರಿಕದಲ್ಲಿ 2010ಕ್ಕೆ ಮೊದಲು ಪ್ರಕಟವಾದ ಆಟಗಳಲ್ಲಿ ಶೇಕಡ 87ರಷ್ಟು ಮಾರಾಟದಲ್ಲೇ ಇಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿಳಿಸಿತು. ಅದೇ ವರ್ಷ ಮಾರ್ಚಿನಲ್ಲಿ ನಿಂಟೆಂಡೊ ತನ್ನ ಎರಡು ಯಂತ್ರಗಳ ಅಂತರ್ಜಾಲ ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿತು. ಅಲ್ಲಿ ಮರುಮಾರಾಟಕ್ಕೆ ಬಂದಿದ್ದ ಹಳೆಯ ಆಟಗಳೂ ಹೋದುವು. 2002ರ ‘ಕಿಂಗ್‌ಡಮ್ ಹಾರ್ಟ್ಸ್’ ಎಂಬ ಆಟವನ್ನು ಹತ್ತು ವರ್ಷದ ಮೇಲೆ ಪರಿಷ್ಕರಿಸಲು ಹೊರಟಾಗ ಮೂಲದ ಸಾಮಗ್ರಿಯೇ ಕಳೆದುಹೋಗಿದ್ದು, ಎಷ್ಟೋ ಭಾಗಗಳನ್ನು ಮತ್ತೆ ರಚಿಸಬೇಕಾಯಿತು. ಹತ್ತೇ ವರ್ಷ! ನಮ್ಮ ಓಲೆಗರಿಗಳು ಗೆದ್ದಲನ್ನೂ ಮಳೆಯನ್ನೂ ಸಹಿಸಿಕೊಂಡು ಶತಮಾನಗಟ್ಟಲೆ ಬಾಳಿದುವು. 1995ರ ‘ಕ್ರೋನೋ ಟ್ರಿಗರ್’ 2018ರಲ್ಲಿ ಕಂಪ್ಯೂಟರಿಗೆ ಬಂದಾಗ ಚಿತ್ರಗಳನ್ನು ಮಸುಕಾಗಿ ಮೆತ್ತಿಬಿಟ್ಟಿದ್ದರು. ಆಟಗಾರರು ಪ್ರತಿಭಟಿಸಿದ್ದರಿಂದ ಕೆಲವು ತಿಂಗಳಲ್ಲಿ ಮೂಲಚಿತ್ರಗಳನ್ನು ಆರಿಸಿಕೊಳ್ಳುವ ಅವಕಾಶ ಸೇರಿಸಿದರು. ಪ್ರತಿಭಟಿಸುವವರು ಇಲ್ಲದ ಆಟಗಳ ಪಾಡು ಊಹಿಸಬಹುದು.

ನನಗೆ ಹಿಡಿಸಿದ ಸಂಪಾದನಕ್ರಮ ಆ ಹಳೆಯ ‘ವಿಝರ್ಡ್ರಿ’ಯದು. ಡಿಜಿಟಲ್ ಎಕ್ಲಿಪ್ಸ್ ಎಂಬ ಸಂಸ್ಥೆ 2024ರ ಮೇ ತಿಂಗಳಲ್ಲಿ ಅದನ್ನು ಇಂದಿನ ಯಂತ್ರಗಳಿಗೆ ತಂದಿತು. ಹೊಸ ಚಿತ್ರ, ಹೊಸ ಸಂಗೀತ, ಅನುಕೂಲಗಳು ಎಲ್ಲ ಉಂಟು; ಆದರೆ ಒಳಗೆ ನಡೆಯುವುದು 1981ರ ಕಾರ್ಯಕ್ರಮವೇ. ಬೇಕೆಂದರೆ ಪರದೆಯ ಮೂಲೆಯಲ್ಲಿ ಆಪಲ್ 2ರ ಮೂಲದೃಶ್ಯವನ್ನು ಇಟ್ಟುಕೊಂಡು ಆಡಬಹುದು. ದೊಡ್ಡ ಪರದೆಯಲ್ಲಿ ಕಲ್ಲಿನ ಗೋಡೆ, ಪಂಜಿನ ಬೆಳಕು. ಮೂಲೆಯ ಪುಟ್ಟ ಚೌಕದಲ್ಲಿ ಕಪ್ಪು ನೆಲದ ಮೇಲೆ ನಾಲ್ಕು ಗೆರೆಗಳು. ಇಲ್ಲಿ ಒಂದು ಹೆಜ್ಜೆ ಇಟ್ಟರೆ ಅಲ್ಲಿಯೂ ಒಂದು ಹೆಜ್ಜೆ. ಮೇಲೆ ಪರಿಷ್ಕೃತ ಪಾಠ, ಪುಟದ ಕೆಳಗೆ ಮೂಲಪಾಠ.