ನೋಟರಿ ಪಬ್ಲಿಕ್ ಎಂದರೆ ಯಾರು?

ಮೊನ್ನೆ ನಮ್ಮ ವಾಚನಾಲಯಕ್ಕೆ ರಾಯಚೂರು ಕಡೆಯ ಮೇಸ್ತ್ರಿಯೊಬ್ಬರು ಬಂದರು. ಮಡಿಸಿದ ಛಾಪಾ ಕಾಗದವನ್ನು ಮೇಜಿನ ಮೇಲಿಟ್ಟು, "ಊರಾಗಿನ ಹೊಲ ಮಾರಾಕ ತಮ್ಮಗ ಪವರ್ ಬರಕೊಟ್ಟೀನ್ರಿ. ನೋಟರಿ ಸಿಕ್ಕಾ ಹೊಡದಾರ. ಸಾಕಲ್ರಿ?" ಎಂದು ಕೇಳಿದರು. ಕಾಗದ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದಾಗ ಹೊಲದ ಜೊತೆಗೆ ಮನೆಯೂ ಅದರಲ್ಲಿ ಸೇರಿದ್ದು ಅವರಿಗೆ ಮೊದಲ ಬಾರಿಗೆ ಗೊತ್ತಾಯಿತು. ಶೋಳಿಂಗನಲ್ಲೂರಿನಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರಿಗೆ ಈ ವಿಷಯದಲ್ಲಿ ತಪ್ಪು ತಿಳಿವಳಿಕೆ ಇರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇವೆ.

ನೋಟರಿ ಎಂದರೆ ಸರ್ಕಾರ ನೇಮಿಸಿದ ವಕೀಲರು. ಸಂಬಳದ ಅಧಿಕಾರಿಯಲ್ಲ. 1952ರ ನೋಟರಿಗಳ ಕಾಯಿದೆ 1956ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಅದರಂತೆ ಕೇಂದ್ರ ಸರ್ಕಾರವಾಗಲಿ ರಾಜ್ಯ ಸರ್ಕಾರವಾಗಲಿ ಇವರನ್ನು ನೇಮಿಸಬಹುದು. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ನಡೆಸಿರಬೇಕು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗದವರಿಗೂ ಏಳು ವರ್ಷ ಸಾಕು. ಪ್ರಮಾಣಪತ್ರದ ಅವಧಿ ಐದು ವರ್ಷ, ಆಮೇಲೆ ನವೀಕರಿಸಿಕೊಳ್ಳಬೇಕು. ಅವರ ಮೊಹರು ಐದು ಸೆಂಟಿಮೀಟರ್ ಅಗಲದ ದುಂಡು ಮೊಹರು. ಅದರಲ್ಲಿ ಹೆಸರು, ಕೆಲಸ ನಡೆಸುವ ಪ್ರದೇಶ, ನೇಮಿಸಿದ ಸರ್ಕಾರ ಇಷ್ಟೂ ಇರಬೇಕು.

ಇವರ ಕೆಲಸಗಳು ಹಲವು. ಪತ್ರಕ್ಕೆ ಹಾಕಿದ ಸಹಿಯನ್ನು ದೃಢೀಕರಿಸುವುದು, ಪ್ರಮಾಣ ಮಾಡಿಸಿ ಅಫಿಡವಿಟ್ ಪಡೆಯುವುದು, ಹುಂಡಿ ಮತ್ತು ಪ್ರಾಮಿಸರಿ ನೋಟುಗಳ ಹಣ ಸಲ್ಲದೆ ಹೋದರೆ ಅದನ್ನು ದಾಖಲಿಸುವುದು. ಹಡಗಿನವರ ಪ್ರತಿಭಟನಾ ಪತ್ರವನ್ನು ಬರೆಯುವುದೂ ಇವರ ಪಾಲಿನದು. ಚೆನ್ನೈಯಂಥ ಬಂದರಿನಲ್ಲಿ ಅದಕ್ಕೆ ಅರ್ಥವುಂಟು, ನಮಗೆ ಬೇಕಾಗುವುದಿಲ್ಲ. ನಮಗೆ ಬೇಕಾಗುವುದು ಇನ್ನೊಂದು: ಒಂದು ಭಾಷೆಯ ಪತ್ರವನ್ನು ಇನ್ನೊಂದು ಭಾಷೆಗೆ ಅನುವಾದಿಸಿ ಅದು ಸರಿಯೆಂದು ದೃಢೀಕರಿಸುವ ಅಧಿಕಾರವೂ ಇವರಿಗಿದೆ. ಕನ್ನಡದ ಜನನ ಪತ್ರ, ಶಾಲೆಯ ಪತ್ರಗಳನ್ನು ಇಲ್ಲಿನ ಕಚೇರಿಗೆ ಕೊಡಬೇಕಾದವರು ಇದನ್ನು ನೆನಪಿಡಿರಿ.

ಆದರೆ ಪತ್ರದಲ್ಲಿ ಬರೆದದ್ದೆಲ್ಲ ನಿಜವೆಂದು ನೋಟರಿಯ ಮೊಹರು ಹೇಳುವುದಿಲ್ಲ. ಇಂಥವರು ಇಂಥ ದಿನ ತಮ್ಮೆದುರು ಸಹಿ ಹಾಕಿದರೆಂದು ಹೇಳುತ್ತದೆ, ಅಷ್ಟೇ. ಆದ್ದರಿಂದ ನೀವೇ ಹೋಗಬೇಕು, ಗುರುತಿನ ಚೀಟಿ ತೋರಿಸಬೇಕು, ಅವರ ರಿಜಿಸ್ಟರಿನಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಬೇರೆಯವರ ಕೈಯಲ್ಲಿ ಕಾಗದ ಕಳುಹಿಸಿ ಮೊಹರು ತರಿಸಿಕೊಳ್ಳುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ಅಂಥ ಕಾಗದ ನ್ಯಾಯಾಲಯದಲ್ಲಿ ಕೈಕೊಟ್ಟೀತು. ಖಾಲಿ ಜಾಗ ಬಿಟ್ಟ ಕಾಗದಕ್ಕಂತೂ ಯಾವ ಕಾರಣಕ್ಕೂ ಸಹಿ ಹಾಕಬಾರದು.

ಇನ್ನು ಜಮೀನಿನ ಮಾತು. ಹೊಲ ಮನೆಗಳ ಮಾರಾಟವನ್ನು ನೋಟರಿಯ ಮುಂದೆ ಮುಗಿಸಲಾಗದು; 1908ರ ನೋಂದಣಿ ಕಾಯಿದೆಯಂತೆ ಕ್ರಯಪತ್ರ ನೋಂದಣಿಯಾಗಲೇಬೇಕು. ಬರಿಯ ಮುಖ್ತಿಯಾರ್ ಪತ್ರದಿಂದ ಕೊಂಡವನಿಗೆ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿತು. ನಮ್ಮ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸುವ ಮುಖ್ತಿಯಾರ್ ಪತ್ರಕ್ಕೆ ಅದೇ ಕಾಯಿದೆಯ 33ನೆಯ ಕಲಮು ಇನ್ನೊಂದು ನಿಯಮ ಹೇಳುತ್ತದೆ: ಭಾರತದಲ್ಲಿ ವಾಸವಾಗಿರುವವರು ತಾವಿರುವ ಸರಹದ್ದಿನ ಸಬ್‌ರಿಜಿಸ್ಟ್ರಾರರ ಎದುರಿಗೇ ಅದನ್ನು ಬರೆದುಕೊಟ್ಟು ದೃಢೀಕರಿಸಿಕೊಳ್ಳಬೇಕು. ಅಲ್ಲಿ ನೋಟರಿ ಸಲ್ಲುವುದು ಪರದೇಶದಲ್ಲಿರುವವರಿಗೆ. ಎಂದರೆ ಮೇಸ್ತ್ರಿಯವರು ಇದಕ್ಕಾಗಿ ಕೂಲಿ ಬಿಟ್ಟು ರಾಯಚೂರಿಗೆ ಹೋಗಬೇಕಾಗಿಲ್ಲ; ಇಲ್ಲಿನ ಕಚೇರಿಯಲ್ಲೇ ಕೆಲಸವಾಗುತ್ತದೆ.

ಮದುವೆ, ವಿಚ್ಛೇದನದ ಪತ್ರಗಳನ್ನು ನೋಟರಿಗಳು ಮಾಡಿಕೊಡಕೂಡದೆಂದು ಕೇಂದ್ರ ಸರ್ಕಾರ 2024ರಲ್ಲಿ ತಿಳಿಸಿದೆ. ಶುಲ್ಕಕ್ಕೆ ರಸೀದಿ ಕೇಳಿ ಪಡೆಯಿರಿ. ನೋಟರಿಯಿಂದ ಅನ್ಯಾಯವಾದರೆ ಅವರನ್ನು ನೇಮಿಸಿದ ಸರ್ಕಾರಕ್ಕೆ ದೂರು ಕೊಡಬಹುದು. ತಪ್ಪು ರುಜುವಾತಾದಲ್ಲಿ ಹೆಸರನ್ನು ರಿಜಿಸ್ಟರಿನಿಂದ ತೆಗೆದುಹಾಕುವ ಅಧಿಕಾರ ಆ ಸರ್ಕಾರಕ್ಕಿದೆ.

ಮೇಸ್ತ್ರಿಯವರು ಹಳೆಯ ಪತ್ರವನ್ನು ರದ್ದುಮಾಡಿಸಿ, ಹೊಲಕ್ಕೆ ಮಾತ್ರ ಹೊಸದನ್ನು ಬರೆಸಲು ಓಡಾಡುತ್ತಿದ್ದಾರೆ. ಇಂಗ್ಲಿಷ್ ಅಥವಾ ತಮಿಳಿನ ಕಾಗದ ಹಿಡಿದು ಬರುವವರಿಗೆ ಭಾನುವಾರ ಬೆಳಿಗ್ಗೆ ವಾಚನಾಲಯದಲ್ಲಿ ಓದಿ ಹೇಳುತ್ತೇವೆ. ಸಹಿ ಹಾಕುವ ಮೊದಲೇ ಬನ್ನಿರಿ.